ಬಚ್ಚಲ ಗೋಡೆಗೆ ಬಿಚ್ಚುವ ಹಲಗೆ

ನಮ್ಮ ಮನೆ ಬಸವನ ಬಾಗೇವಾಡಿ ಕಡೆಗೆ ಇದೆ. ಕಲ್ಲು ಮಣ್ಣಿನ ಗೋಡೆ. ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆ ದಾಟಿದರೆ ಅಡುಗೆ ಮನೆ. ಅದರ ಮೂಲೆಯಲ್ಲಿ ಬಚ್ಚಲು. ಬಚ್ಚಲ ಗೋಡೆಯ ಆಚೆಗೆ ಜೋಳದ ಚೀಲ ಇಡುವ ಕೋಣೆ. ನಿಮ್ಮ ಮನೆಯೂ ಹೆಚ್ಚು ಕಡಿಮೆ ಹೀಗೇ ಇರಬಹುದು. ಇಂಡಿಗೆ ಹೋಗಿ, ಸಿಂದಗಿಗೆ ಹೋಗಿ, ಮುದ್ದೇಬಿಹಾಳಕ್ಕೆ ಹೋಗಿ. ಹಳೆಯ ಮನೆಗಳು ಬಹಳಷ್ಟು ಇದೇ ರೀತಿ ಇವೆ.

ಒಂದು ಸಲ ನಮ್ಮ ಮನೆಗೆ ಬೀಗರು ಬರುವವರಿದ್ದರು. ಬಚ್ಚಲ ಗೋಡೆ ನೋಡುವ ಹಾಗಿರಲಿಲ್ಲ. ಸುಣ್ಣ ಉದುರಿತ್ತು. ಕೆಳಗೆ ಕಪ್ಪಗೆ ಬೂಷ್ಟು ಹಿಡಿದಿತ್ತು. ನಾವು ಪೇಟೆಯಿಂದ ಬಣ್ಣದ ಫೋಮ್ ಹಾಳೆ ತಂದೆವು. ಹಿಂದುಗಡೆ ಅಂಟು ಇರುತ್ತದಲ್ಲ, ಆ ಹಾಳೆ. ಹಸಿ ಗೋಡೆಯ ಮೇಲೇ ಅಂಟಿಸಿದೆವು. ಬಚ್ಚಲು ಅರಮನೆ ಆಯಿತು. ಬೀಗರು ಬಂದರು, ಉಂಡರು, ಹೋದರು. ನಮಗೆ ಬಹಳ ಹಿಗ್ಗು.

ಮಳೆಗಾಲ ಬಂತು. ಹಾಳೆ ಹೊಟ್ಟೆ ಉಬ್ಬಿದಂತೆ ಉಬ್ಬಿತು. ಮುಗ್ಗಲು ವಾಸನೆ ಶುರುವಾಯಿತು. ಒಂದು ದಿನ ಹಾಳೆ ಕಿತ್ತೆವು. ಹಾಳೆಯ ಜೋಡಿ ಗೋಡೆಯ ಮಣ್ಣೂ ಬಂತು. ಒಳಗೆ ಜಿರಳೆ, ಒಂದು ಚೇಳು. ಆಚೆ ಕೋಣೆಗೆ ಹೋಗಿ ನೋಡಿದರೆ ಗೋಡೆಗೆ ಆನಿಸಿ ಇಟ್ಟ ಎರಡು ಚೀಲ ಜೋಳ ಮುಗ್ಗಿ ಹೋಗಿತ್ತು. ಹಾಳೆ ನಮ್ಮ ಕಣ್ಣಿಗೆ ಪರದೆ ಕಟ್ಟಿತ್ತು. ಪರದೆಯ ಹಿಂದೆ ಗೋಡೆ ಕೊಳೆಯುತ್ತಿತ್ತು.

ಗೌಂಡಿ ಕಾಕಾ ಬಂದರು. ಗೋಡೆಗೆ ಕೈ ಇಟ್ಟು ನೋಡಿದರು.

"ಯವ್ವಾ, ಚಂದ ಮಾಡೂದು ತಪ್ಪಲ್ಲ. ಆದರ ಗ್ವಾಡಿ ಒಣಗಸದ ಮುಚ್ಚಿದ್ರಿ. ಅದು ತಪ್ಪು" ಅಂದರು.

"ಈಗೇನ್ ಮಾಡೂದ್ರಿ ಕಾಕಾ?"

"ಮೊದಲ ನೀರು ಎಲ್ಲಿಂದ ಬರ್ತದ ನೋಡೂಣು. ಆಮ್ಯಾಲ ಹಲಗಿ ಹಚ್ಚೂಣು. ಹಚ್ಚಿದ್ದು ಬಿಚ್ಚಾಕ ಬರಬೇಕು. ಬಿಚ್ಚಾಕ ಬರದ್ದು ಬಚ್ಚಲದಾಗ ಬ್ಯಾಡ."

ಆ ಮಾತು ನಮಗೆ ಪಾಠವಾಯಿತು. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ನೀವೂ ಓದಿ. ಮನೆಯವರಿಗೂ ಓದಿ ಹೇಳಿ.

ಗೋಡೆ ಯಾಕೆ ನೆನೆಯುತ್ತದೆ?

ದೀಪದ ಬತ್ತಿಯನ್ನು ನೋಡಿದ್ದೀರಿ. ಎಣ್ಣೆ ಕೆಳಗೆ ಇರುತ್ತದೆ. ಬತ್ತಿ ಅದನ್ನು ಮೇಲಕ್ಕೆ ಎಳೆಯುತ್ತದೆ. ಗೋಡೆಯೂ ಹಾಗೆಯೇ. ಮಣ್ಣು, ಇಟ್ಟಿಗೆ, ಗಾರೆ, ಇವುಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಇರುತ್ತವೆ. ನೆಲದ ತೇವ ಆ ತೂತಿನಿಂದ ಮೇಲೆ ಏರುತ್ತದೆ.

ನಮ್ಮ ಕಡೆ ಎರೆ ಭೂಮಿ ಬಹಳ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಒಣಗಿದರೆ ಬಿರಿಯುತ್ತದೆ. ಉಬ್ಬಿದಾಗ ಗೋಡೆಯನ್ನು ಎತ್ತುತ್ತದೆ. ಬಿರಿದಾಗ ಇಳಿಸುತ್ತದೆ. ಅದರಿಂದ ಗೋಡೆಗೆ ಸೀಳು ಬೀಳುತ್ತದೆ. ಸೀಳಿನಿಂದ ನೀರು ಒಳಗೆ ಹೋಗುತ್ತದೆ.

ಇನ್ನೊಂದು ಉಪ್ಪಿನ ಕಾಟ. ಡೋಣಿ ದಂಡೆಯವರಿಗೆ ಇದು ಚೆನ್ನಾಗಿ ಗೊತ್ತು. ಡೋಣಿ ನೀರು ಸವುಳು. ಅನೇಕ ಊರುಗಳ ಬೋರಿನ ನೀರೂ ಸವುಳು. ಗೋಡೆಯೊಳಗಿನ ನೀರು ಗಾಳಿಗೆ ಆರಿ ಹೋಗುತ್ತದೆ. ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಅದು ಹರಳುಗಟ್ಟಿ ಗಾರೆಯನ್ನು ಹೊರಗೆ ನೂಕುತ್ತದೆ. ಗೋಡೆಯ ಮೇಲೆ ಬಿಳಿ ಬಿಳಿ ಪುಡಿ ಕಂಡಿದ್ದೀರಾ? ಅದೇ ಆ ಉಪ್ಪು.

ಮೊದಲು ಬಹಳ ಮನೆಗಳಲ್ಲಿ ನೀರು ಹೊತ್ತು ತರಬೇಕಿತ್ತು. ಎರಡು ಕೊಡದಲ್ಲಿ ಜಳಕ ಮುಗಿಯುತ್ತಿತ್ತು. 2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಶುರುವಾಯಿತು. ಹಳ್ಳಿಗಳ ಮನೆಗಳಿಗೆ ನಳ ಬಂದವು. ಇದು ಒಳ್ಳೆಯದು. ಹೆಣ್ಣುಮಕ್ಕಳ ತಲೆಯ ಭಾರ ಇಳಿಯಿತು. ಆದರೆ ಮನೆಯೊಳಗೆ ನೀರು ಹೆಚ್ಚು ಬಂದರೆ ಬಚ್ಚಲ ಗೋಡೆಗೆ ಬೀಳುವ ನೀರೂ ಹೆಚ್ಚು. ಹಳೆಯ ಗೋಡೆ ಇದಕ್ಕೆ ತಯಾರಾಗಿಲ್ಲ. ನಾವು ಅದನ್ನು ತಯಾರು ಮಾಡಬೇಕು.

ಒಂದು ಸರಳ ಪರೀಕ್ಷೆ

ತೇವ ಗೋಡೆಯ ಒಳಗಿನಿಂದ ಬರುತ್ತದೆಯೋ, ಸ್ನಾನದ ಹಬೆಯಿಂದ ಬರುತ್ತದೆಯೋ? ಇದನ್ನು ತಿಳಿಯಲು ದುಡ್ಡು ಬೇಕಿಲ್ಲ.

ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಯನ್ನು ಒಣ ಬಟ್ಟೆಯಿಂದ ಒರೆಸಿ. ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಹಚ್ಚಿ. ಎರಡು ದಿನ ಬಿಡಿ. ಆಮೇಲೆ ನೋಡಿ.

ಹಾಳೆಯ ಹಿಂಬದಿಗೆ, ಅಂದರೆ ಗೋಡೆಯ ಕಡೆಗೆ, ಹನಿ ಇದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹಾಳೆಯ ಮುಂಬದಿಗೆ ಹನಿ ಇದ್ದರೆ ಅದು ಹಬೆ. ಗಾಳಿ ಆಡುವುದಿಲ್ಲ ಅಂತ ಅರ್ಥ. ಎರಡೂ ಕಡೆ ಹನಿ ಇದ್ದರೆ ಎರಡೂ ತೊಂದರೆ ಇವೆ.

ನಮ್ಮ ಮನೆಯಲ್ಲಿ ಹಿಂಬದಿಗೆ ಹನಿ ಇತ್ತು. ಹುಡುಕಿದೆವು. ಬಚ್ಚಲ ಮೋರಿ ಒಡೆದಿತ್ತು. ನೀರು ಹೊರಗೆ ಹೋಗದೆ ಗೋಡೆಯ ಬುಡಕ್ಕೆ ನಿಲ್ಲುತ್ತಿತ್ತು. ಮೊದಲು ಮೋರಿ ಸರಿ ಮಾಡಿಸಿದೆವು. ನೆಲವನ್ನು ಮೋರಿಯ ಕಡೆಗೆ ಇಳಿಜಾರು ಮಾಡಿಸಿದೆವು. ಗೋಡೆಯನ್ನು ಪೂರಾ ಒಂದು ಬೇಸಿಗೆ ಒಣಗಲು ಬಿಟ್ಟೆವು. ಆಚೆಯ ಕೋಣೆಯ ಚೀಲಗಳನ್ನು ಗೋಡೆಯಿಂದ ಒಂದು ಮೊಳ ದೂರ, ಕಟ್ಟಿಗೆಯ ಮೇಲೆ ಇಟ್ಟೆವು.

ಇನ್ನೊಂದು ಮಾತು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಗಟ್ಟಿ ಆಗುತ್ತದೆ ಅಂತ ಬಹಳ ಮಂದಿ ತಿಳಿಯುತ್ತಾರೆ. ಅದು ಹಾಗಲ್ಲ. ಸಿಮೆಂಟು ತೇವವನ್ನು ಹೊರಗೆ ಬಿಡುವುದಿಲ್ಲ. ನೀರು ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ. ಕೊನೆಗೆ ಸಿಮೆಂಟು ಹೆಕ್ಕಳಿಕೆಯಂತೆ ಕಳಚಿ ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣು ಇಲ್ಲವೆ ಸುಣ್ಣದ ಗಾರೆಯೇ ಚಲೋ.

ಹಳೆಯವರ ಉಪಾಯ

ತಾಳಿಕೋಟಿ ಅಂದರೆ ಓದಿದವರಿಗೆ 1565ರ ಯುದ್ಧ ನೆನಪಾಗುತ್ತದೆ. ಗೌಂಡಿಗಳಿಗೆ ನೆನಪಾಗುವುದು ಅಲ್ಲಿಯ ಕಲ್ಲು. ತಾಳಿಕೋಟಿ ಮೊದಲು ಮುದ್ದೇಬಿಹಾಳ ತಾಲೂಕಿನಲ್ಲಿತ್ತು. ಈಗ ಅದೇ ಒಂದು ತಾಲೂಕು. ಅಲ್ಲಿಯ ಸುಣ್ಣದ ಕಲ್ಲು ಪದರು ಪದರಾಗಿ ಏಳುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲೂ ಅದೇ ಜಾತಿ. ಇದನ್ನೇ ನಾವು ಫರಸಿ ಅನ್ನುತ್ತೇವೆ.

ಹಿಂದಿನವರು ಬಚ್ಚಲ ನೆಲಕ್ಕೆ ಫರಸಿ ಹಾಸಿದರು. ಗೋಡೆಯ ಬುಡಕ್ಕೂ ಫರಸಿ ನಿಲ್ಲಿಸಿದರು. ನೀರು ಬಡಿಯುವುದು ಕೆಳಗೇ ಹೆಚ್ಚು. ಮೇಲೆ ಸುಣ್ಣ ಬಳಿದರು. ಚಂದಕ್ಕೆ ಹುರಮಂಜಿನ ಪಟ್ಟಿ ಎಳೆದರು. ವರ್ಷಕ್ಕೊಮ್ಮೆ, ಹಬ್ಬಕ್ಕೆ ಮುಂಚೆ, ಮತ್ತೆ ಸುಣ್ಣ ಬಳಿದರು. ಆಗ ಗೋಡೆಯ ತಪಾಸಣೆ ತಾನೇ ಆಗುತ್ತಿತ್ತು.

ಈಗ ಸುಣ್ಣದ ಜಾಗಕ್ಕೆ ಹಲಗೆ ಬಂದಿದೆ. ಆದರೆ ಆ ತಪಾಸಣೆ ಬಿಡಬಾರದು. ಅದಕ್ಕೇ ಬಿಚ್ಚುವ ಹಲಗೆ ಬೇಕು.

ನಾವು ಹಳೆಯದು, ಹೊಸದು ಎರಡನ್ನೂ ಕೂಡಿಸಿದೆವು. ಕೆಳಗೆ 2 ಅಡಿ ಫರಸಿ. ಮೇಲೆ 5 ಅಡಿ ಹಲಗೆ.

ಯಾವ ಹಲಗೆ ಒಳ್ಳೆಯದು?

ಪೇಟೆಯಲ್ಲಿ ಬೇಕಾದಷ್ಟು ತರಹ ಸಿಗುತ್ತವೆ. ಹೂವಿನ ಚಿತ್ರ, ಸಂಗಮರಮರಿ ಕಲ್ಲಿನ ಚಿತ್ರ, ಕಟ್ಟಿಗೆಯ ಚಿತ್ರ. ಚಿತ್ರ ನೋಡಿ ಮರುಳಾಗಬೇಡಿ. ಯಾವ ಸಾಮಾನಿನಿಂದ ಮಾಡಿದ್ದಾರೆ ಅಂತ ಕೇಳಿ.

ಪ್ಲೈವುಡ್ ಮತ್ತು ರಟ್ಟಿನಂಥ ಹಲಗೆ ನೀರು ಕುಡಿದು ಉಬ್ಬುತ್ತವೆ. ಅವಕ್ಕೆ ಒರಲೆಯೂ ಹತ್ತುತ್ತದೆ. ಬಚ್ಚಲಿಗೆ ಬೇಡ.

ಪಿಓಪಿ ಹಲಗೆ ನೀರಿಗೆ ಮೆತ್ತಗಾಗುತ್ತದೆ. ಬೇಡ.

ಕಲ್ನಾರಿನ ಸಿಮೆಂಟ್ ತಗಡು ಬೇಡವೇ ಬೇಡ. ಅದನ್ನು ಕೊಯ್ಯುವಾಗ ಏಳುವ ಧೂಳು ಪುಪ್ಪುಸಕ್ಕೆ ಹೋಗಿ ದೊಡ್ಡ ರೋಗ ತರುತ್ತದೆ.

ಅಂಟಿಸುವ ಫೋಮ್ ಹಾಳೆಯ ಕತೆ ಮೇಲೆ ಹೇಳಿದ್ದೇವೆ.

ಪಿವಿಸಿ ಹಲಗೆ ನೀರು ಕುಡಿಯುವುದಿಲ್ಲ. ಒರಲೆ ತಿನ್ನುವುದಿಲ್ಲ. ಹಗುರ ಇರುತ್ತದೆ. ಒಳಗೆ ಪೊಳ್ಳು ಇರುತ್ತದೆ. ಒಂದು ಅಂಚಿಗೆ ನಾಲಗೆ, ಇನ್ನೊಂದು ಅಂಚಿಗೆ ಗಾಡಿ ಇರುತ್ತದೆ. ನಾಲಗೆ ಗಾಡಿಯೊಳಗೆ ಕೂಡುತ್ತದೆ. ಬಿಚ್ಚಿ ಹಚ್ಚಲು ಇದು ಅನುಕೂಲ.

ಆದರೆ ಪಿವಿಸಿಗೆ ಒಂದು ದೊಡ್ಡ ದೋಷ ಇದೆ. ಅದು ಬೆಂಕಿಗೆ ಆಗದು.

ಒಲೆಯ ಹತ್ತಿರ ಬೇಡ

ನಮ್ಮ ಕಡೆ ಬಚ್ಚಲಲ್ಲೇ ನೀರಿನ ಒಲೆ ಇರುವ ಮನೆಗಳಿವೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುತ್ತಾರೆ. ಪಿವಿಸಿ ಸುಮಾರು 60 ಡಿಗ್ರಿಗಿಂತ ಹೆಚ್ಚು ಕಾದರೆ ಮೆತ್ತಗಾಗಿ ಸೊಟ್ಟಗಾಗಲು ಶುರುವಾಗುತ್ತದೆ. ಉರಿ ಹತ್ತಿದರೆ ಅದರ ಹೊಗೆ ವಿಷ. ಆ ಹೊಗೆಯಲ್ಲಿ ಆಮ್ಲದ ಗಾಳಿ ಇರುತ್ತದೆ. ಕಣ್ಣು, ಗಂಟಲು, ಎದೆ ಎಲ್ಲ ಸುಡುತ್ತದೆ.

ಆದ್ದರಿಂದ ಒಲೆ ಇರುವ ಗೋಡೆಗೆ ಫರಸಿಯೇ ಇರಲಿ. ಒಲೆಯನ್ನು ಹೊರಗೆ ಹಾಕಲು ಆದರೆ ಇನ್ನೂ ಒಳ್ಳೆಯದು. ನಾವು ಒಲೆಯನ್ನು ಹಿತ್ತಲಿಗೆ ಹಾಕಿದೆವು. ಬಚ್ಚಲ ಮಸಿಯೂ ಹೋಯಿತು. ಅವ್ವನ ಕೆಮ್ಮೂ ಕಡಿಮೆ ಆಯಿತು.

ಗ್ಯಾಸ್ ಗೀಜರ್ ಇದ್ದವರು ಇದನ್ನು ಎರಡು ಸಲ ಓದಿ. ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಬಚ್ಚಲಲ್ಲಿ ಗಾಳಿ ಸಾಲದೆ ಹೋದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ. ವಾಸನೆ ಇಲ್ಲ. ಜಳಕಕ್ಕೆ ಹೋದವರು ತಲೆ ತಿರುಗಿ ಬೀಳುತ್ತಾರೆ. ಕೂಗಲೂ ಆಗುವುದಿಲ್ಲ. ಹೀಗೆ ನಮ್ಮ ರಾಜ್ಯದಲ್ಲಿ ಜೀವಗಳು ಹೋಗಿವೆ. ಗ್ಯಾಸ್ ಗೀಜರ್ ಬಚ್ಚಲ ಹೊರಗೇ ಇರಬೇಕು. ಬಿಸಿನೀರು ಮಾತ್ರ ಪೈಪಿನಿಂದ ಒಳಗೆ ಬರಬೇಕು. ಚಂದಕ್ಕೆ ಅಂತ ಬೆಳಕಿಂಡಿಯನ್ನು ಹಲಗೆಯಿಂದ ಮುಚ್ಚಬೇಡಿ. ಎಂದಿಗೂ ಮುಚ್ಚಬೇಡಿ.

ಅಳತೆ ಮತ್ತು ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿಯಿರಿ. ಚೀಟಿಯ ಮೇಲೆ ಬರೆಯಿರಿ. ಅಕ್ಷರ, ಅಂಕಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ನಮ್ಮ ಗೋಡೆಯ ಅಗಲ 5 ಅಡಿ. ಅಂದರೆ 60 ಇಂಚು. ಹಲಗೆ ಹಚ್ಚುವ ಎತ್ತರ 5 ಅಡಿ. 5 × 5 = 25 ಚದರ ಅಡಿ.

ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಪಿವಿಸಿ ಹಲಗೆ 10 ಇಂಚು ಅಗಲ, 10 ಅಡಿ ಉದ್ದ. ಅಗಲ ಬೇರೆ ಬೇರೆ ಇರುವುದೂ ಉಂಟು. ಅಂಗಡಿಯಲ್ಲೇ ಅಳೆದು ನೋಡಿ. ನಾಲಗೆ ಒಳಗೆ ಹೋಗುತ್ತದೆ. ಅದನ್ನು ಬಿಟ್ಟು ಅಳೆಯಿರಿ.

ಗೋಡೆಗೆ ಎಷ್ಟು ತುಂಡು ಬೇಕು? 60 ಇಂಚು ಭಾಗಿಸು 10 ಇಂಚು. 6 ತುಂಡು. ಒಂದೊಂದು ತುಂಡು 5 ಅಡಿ. 10 ಅಡಿಯ ಒಂದು ಹಲಗೆ ಕೊಯ್ದರೆ 2 ತುಂಡು. 6 ತುಂಡಿಗೆ 3 ಹಲಗೆ ಸಾಕು. ಒಂದು ಇಂಚೂ ಹಾಳಾಗುವುದಿಲ್ಲ.

ಈಗ ನೋಡಿ. ಫರಸಿ ಇಲ್ಲದೆ 7 ಅಡಿ ಎತ್ತರ ಹಲಗೆಯೇ ಹಚ್ಚುತ್ತೇವೆ ಅಂದುಕೊಳ್ಳಿ. 10 ಅಡಿಯ ಹಲಗೆಯಿಂದ 7 ಅಡಿಯ ಒಂದೇ ತುಂಡು ಬರುತ್ತದೆ. 3 ಅಡಿ ಉಳಿಯುತ್ತದೆ. 6 ತುಂಡಿಗೆ 6 ಹಲಗೆ ಬೇಕು. ಅಂದರೆ ಹಲಗೆಯ ಖರ್ಚು ಎರಡು ಪಟ್ಟು.

ಅಂಗಡಿಯವರು ಚದರ ಅಡಿಗೆ ಇಷ್ಟು ಅಂತ ದರ ಹೇಳುತ್ತಾರೆ. ಒಂದು ಹಲಗೆ ಎಷ್ಟು ಚದರ ಅಡಿ? 120 ಇಂಚು ಉದ್ದ, 10 ಇಂಚು ಅಗಲ. 120 × 10 = 1200 ಚದರ ಇಂಚು. ಒಂದು ಚದರ ಅಡಿಗೆ 144 ಚದರ ಇಂಚು. ಭಾಗಿಸಿದರೆ 8 ಚದರ ಅಡಿ ದಾಟಿ ಇನ್ನೂ ಮೂರನೇ ಒಂದು ಪಾಲು. 3 ಹಲಗೆ ಸೇರಿ 25 ಚದರ ಅಡಿ. ಬಿಲ್ಲಿನಲ್ಲಿ 30 ಅಂತ ಬರೆದಿದ್ದರೆ "ಯಾಕ್ರಿ ಅಣ್ಣಾರ?" ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಬಿಲ್ಲು ಇಸಿದುಕೊಂಡು ಓದಿ. ಜೋಪಾನವಾಗಿ ಇಡಿ.

ಬೇಕಾಗುವ ಸಾಮಾನು

ಹಲಗೆ 3. ಅಲ್ಯುಮಿನಿಯಂ ಇಲ್ಲವೆ ಪಿವಿಸಿ ಪಟ್ಟಿ 20 ಅಡಿ. ಕಟ್ಟಿಗೆಯ ಪಟ್ಟಿ ಬೇಡ, ಅದು ಕೊಳೆಯುತ್ತದೆ. ಎರಡು ಬದಿಗೆ ಹಾಕುವ ಅಂಚು ಪಟ್ಟಿ 5 ಅಡಿಯವು 2. ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಗಿಟ್ಟಿ 24, ಅವಕ್ಕೆ ಉದ್ದ ಸ್ಕ್ರೂ 24. ಹಲಗೆಗೆ ಸಣ್ಣ ಸ್ಕ್ರೂ 24. ಸ್ಕ್ರೂ ಎಲ್ಲ ಸ್ಟೀಲಿನವೇ ಇರಲಿ. ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದರೆ ಬಿಚ್ಚಲು ಬರುವುದಿಲ್ಲ. ಮೇಲೆ ಕೆಳಗೆ ಹಾಕಲು ಸಣ್ಣ ಕಣ್ಣಿನ ಜಾಳಿಗೆ ಸ್ವಲ್ಪ.

ಅಂಟು ಬೇಡ. ಅಂಟು ಹಚ್ಚಿದರೆ ಬಿಚ್ಚುವ ಹಲಗೆ ಅಲ್ಲ, ಕೀಳುವ ಹಲಗೆ ಆಗುತ್ತದೆ.

ಹಚ್ಚುವ ರೀತಿ

ಒಂದು. ಮೊದಲು ಕರೆಂಟಿನ ಮೇನ್ ಬಂದ್ ಮಾಡಿ ಗೋಡೆಯೊಳಗೆ ವೈರು ಎಲ್ಲಿ ಹೋಗಿದೆ ನೋಡಿ. ಸ್ವಿಚ್ಚಿನ ಮೇಲೆ ಕೆಳಗೆ ನೆಟ್ಟಗೆ ವೈರು ಇರುತ್ತದೆ. ಅಲ್ಲಿ ತೂತು ಹಾಕಬೇಡಿ. ನಳದ ಪೈಪೂ ಹಾಗೆಯೇ. ಗುರುತು ಮಾಡಿದ ಮೇಲೆ ಡ್ರಿಲ್ಲಿಗೆ ಬೇರೆ ಕಡೆಯಿಂದ ಕರೆಂಟು ತೆಗೆದುಕೊಳ್ಳಿ. ನಿಂತ ನೆಲ ಒಣಗಿರಲಿ. ಕಾಲಲ್ಲಿ ಚಪ್ಪಲಿ ಇರಲಿ.

ಎರಡು. ಗೋಡೆಯ ಕೆಳಗೆ 2 ಅಡಿ ಫರಸಿ ಕೂಡಿಸಿ. ಇದು ಗೌಂಡಿಯ ಕೆಲಸ. ಸಂದಿ ಸರಿಯಾಗಿ ತುಂಬಿಸಿ. ಫರಸಿ ಗೋಡೆಯಿಂದ ಎಷ್ಟು ಮುಂದೆ ಬಂದಿದೆ, ಅಳೆಯಿರಿ. ಹಲಗೆಯ ಪಟ್ಟಿ ಅದಕ್ಕಿಂತ ಸ್ವಲ್ಪ ದಪ್ಪ ಇರಬೇಕು. ಯಾಕೆ ಅಂತ ಮುಂದೆ ಹೇಳುತ್ತೇವೆ.

ಮೂರು. ಫರಸಿಯ ಮೇಲಿನ ಗೋಡೆಗೆ ಸುಣ್ಣ ಬಳಿಯಿರಿ. ಪೂರಾ ಒಣಗಲಿ. ಮತ್ತೊಮ್ಮೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ. ಹಿಂಬದಿಗೆ ಹನಿ ಬಂದರೆ ನಿಲ್ಲಿ. ಇನ್ನೂ ಒಣಗಬೇಕು. ಅವಸರ ಮಾಡಿದರೆ ನಮ್ಮ ಜೋಳದ ಗತಿಯೇ.

ನಾಲ್ಕು. ಪಟ್ಟಿಗಳನ್ನು ಅಡ್ಡಡ್ಡ ಹಚ್ಚಬೇಕು. ಒಟ್ಟು 4 ಸಾಲು. ಮೊದಲ ಸಾಲು ಫರಸಿಯಿಂದ 2 ಇಂಚು ಮೇಲೆ. ಆಮೇಲೆ 18 ಇಂಚಿಗೆ ಒಂದೊಂದು ಸಾಲು. ಲೆವೆಲ್ ಪೈಪಿನಿಂದ ಮಟ್ಟ ನೋಡಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿದರೆ ಎರಡೂ ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗೌಂಡಿಗಳು ಹಾಗೇ ನೋಡುತ್ತಾರೆ.

ಐದು. ಒಂದು ಸಾಲಿನ ಪಟ್ಟಿಯನ್ನು ಅಖಂಡ ಹಚ್ಚಬೇಡಿ. ಎರಡು ತುಂಡು ಮಾಡಿ ನಡುವೆ 1 ಇಂಚು ಬಿಡಿ. ಈ ಸಂದಿಯಿಂದ ಗಾಳಿ ಮೇಲೆ ಕೆಳಗೆ ಆಡುತ್ತದೆ. ಹಿಂದೆ ಹೋದ ಹನಿ ಕೆಳಗೆ ಇಳಿಯುತ್ತದೆ. ಒಂದು ತುಂಡಿಗೆ 3 ಸ್ಕ್ರೂ. ಸಾಲಿಗೆ 6. ನಾಲ್ಕು ಸಾಲಿಗೆ 24.

ಆರು. ಕಲ್ಲಿನ ಗೋಡೆಯಾದರೆ ತೂತು ಕಲ್ಲಿಗೇ ಹಾಕಿ. ಕಲ್ಲಿನ ಸಂದಿಯ ಮಣ್ಣಿಗೆ ಹಾಕಿದರೆ ಗಿಟ್ಟಿ ನಿಲ್ಲುವುದಿಲ್ಲ. ಬರೇ ಮಣ್ಣಿನ ಗೋಡೆಯಾದರೆ ತೂತೇ ಬೇಡ. ನೆಲದಿಂದ ಮಾಳಿಗೆಯ ತೊಲೆಯವರೆಗೆ ಮೂರು ಕಡೆ ಚೌಕ ಪೈಪು ನಿಲ್ಲಿಸಿ. ಪಟ್ಟಿಗಳನ್ನು ಆ ಪೈಪಿಗೆ ಹಚ್ಚಿ. ಹಲಗೆಯ ಭಾರ ಪೈಪಿನ ಮೇಲೆ ಬೀಳುತ್ತದೆ. ಗೋಡೆಗೆ ತ್ರಾಸು ಇಲ್ಲ.

ಏಳು. ಎಡ ಮೂಲೆಗೆ ಅಂಚು ಪಟ್ಟಿ ಹಚ್ಚಿ. ಮೊದಲ ಹಲಗೆಯನ್ನು ಅದರೊಳಗೆ ಕೂಡಿಸಿ. ತೂಗುಗುಂಡು ಬಿಟ್ಟು ನೆಟ್ಟಗೆ ಇದೆಯೇ ನೋಡಿ. ಮೊದಲನೆಯದು ಸೊಟ್ಟ ಆದರೆ ಆರೂ ಸೊಟ್ಟ. ನಾಲಗೆಯ ಮೇಲೆ ಪ್ರತಿ ಸಾಲಿಗೆ ಒಂದು ಸಣ್ಣ ಸ್ಕ್ರೂ ಹಾಕಿ. ಒಂದು ಹಲಗೆಗೆ 4 ಸ್ಕ್ರೂ. ಬಹಳ ಬಿಗಿಯಬೇಡಿ. ಬಿಸಿಲಿಗೆ ಪಿವಿಸಿ ಹಿಗ್ಗುತ್ತದೆ. ಚಳಿಗೆ ಕುಗ್ಗುತ್ತದೆ.

ಎಂಟು. ಎರಡನೇ ಹಲಗೆಯ ಗಾಡಿಯನ್ನು ಮೊದಲನೆಯದರ ನಾಲಗೆಗೆ ಕೂಡಿಸಿ. ಹಾಗೇ ಮುಂದೆ ಹೋಗಿ. ಅಂಚು ಪಟ್ಟಿಯ ದಪ್ಪದಿಂದಾಗಿ ಕೊನೆಯ ಹಲಗೆ ಚೂರು ಹೆಚ್ಚಾಗಬಹುದು. ಅಂಚನ್ನು ಕೊಯ್ದು ಸರಿ ಮಾಡಿ. ಕೊನೆಯ ಹಲಗೆಗೆ ಮಾತ್ರ ಸ್ಕ್ರೂ ಹೊರಗೆ ಕಾಣುವಂತೆ ಹಾಕಿ. ಅದೇ ನಮ್ಮ ಬಾಗಿಲು. ಬಿಚ್ಚುವಾಗ ಅಲ್ಲಿಂದಲೇ ಶುರು.

ಒಂಬತ್ತು. ಹಲಗೆಯ ಕೆಳ ತುದಿ ಫರಸಿಯ ಹೊರಗಡೆ 1 ಇಂಚು ಇಳಿದಿರಬೇಕು. ಹಂಚಿನ ಮೇಲೆ ಹಂಚು ಇರುವಂತೆ. ಮೇಲಿನಿಂದ ಬಿದ್ದ ನೀರು ಫರಸಿಯ ಮೇಲೆ ಹರಿದು ನೆಲಕ್ಕೆ ಬರುತ್ತದೆ. ಗೋಡೆಗೆ ಹೋಗುವುದಿಲ್ಲ. ಪಟ್ಟಿ ದಪ್ಪ ಇರಬೇಕು ಅಂದದ್ದು ಇದಕ್ಕೇ.

ಹತ್ತು. ಮೇಲೆ, ಕೆಳಗೆ ಸಂದಿ ಇರಲಿ. ಗಾಳಿ ಬೇಕು. ಆದರೆ ಸಂದಿಗೆ ಜಾಳಿಗೆ ಹಾಕಿ. ನಮ್ಮ ಕಡೆ ಚೇಳು ಬಹಳ. ಅವಕ್ಕೆ ಕತ್ತಲೆ ಸಂದಿ ಅಂದರೆ ತವರು ಮನೆ.

ಇನ್ನೊಂದು ಮುಖ್ಯ ಕೆಲಸ. ಹಚ್ಚುವ ಮುಂಚೆ ಹಲಗೆಯ ಹಿಂದೆ ಬಣ್ಣದ ಪೆನ್ನಿನಿಂದ 1, 2, 3, 4, 5, 6 ಅಂತ ಬರೆಯಿರಿ. ಮೇಲಿನ ತುದಿಗೆ "ಮೇಲೆ" ಅಂತ ಬರೆಯಿರಿ. ನಮ್ಮ ಮನೆಯಲ್ಲಿ ಇದನ್ನು ಬರೆದವಳು ಅವ್ವ. ಸಾಕ್ಷರತಾ ಕೇಂದ್ರದಲ್ಲಿ ಅಕ್ಷರ ಕಲಿತವಳು. ಈಗ ಹಲಗೆ ಬಿಚ್ಚಿದಾಗ ಯಾವುದು ಎಲ್ಲಿಗೆ ಅಂತ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ.

ಬಿಚ್ಚುವುದು, ತೊಳೆಯುವುದು

ವರ್ಷಕ್ಕೆ ಎರಡು ಸಲ ಬಿಚ್ಚಿ. ಮಳೆಗಾಲಕ್ಕೆ ಮುಂಚೆ ಒಂದು ಸಲ. ದೀಪಾವಳಿಗೆ ಮುಂಚೆ ಒಂದು ಸಲ. ಕೊನೆಗೆ ಹಚ್ಚಿದ 6ನೆಯದನ್ನು ಮೊದಲು ಬಿಚ್ಚಿ. ಆಮೇಲೆ 5, 4, 3, 2, 1. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಹಿಂದೆ ಹುಳ ಇರಬಹುದು. ಗೋಡೆಗೆ ಕೈ ಇಟ್ಟು ನೋಡಿ. ತೇವ ಇದ್ದರೆ ಕಾರಣ ಹುಡುಕಿ. ಒಣಗಿಸಿ. ಆಮೇಲೆ 1ರಿಂದ ಮತ್ತೆ ಹಚ್ಚಿ.

ಹಲಗೆಗೆ ಸಾಬೂನಿನ ನೀರು, ಮೆತ್ತಗಿನ ಬಟ್ಟೆ ಸಾಕು. ತೆಂಗಿನ ನಾರು, ತಂತಿ ಉಂಡೆ ಬೇಡ. ಗೆರೆ ಬೀಳುತ್ತವೆ. ಆ್ಯಸಿಡ್ ಬೇಡ. ಅದು ಸ್ಕ್ರೂ, ಪಟ್ಟಿಗಳನ್ನು ತಿನ್ನುತ್ತದೆ. ಫರಸಿ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದರೆ ನೊರೆ ಎದ್ದು ಕಲ್ಲೇ ಕರಗುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿ ಎರಡನ್ನೂ ಕೂಡಿಸಲೇಬೇಡಿ. ಅದರಿಂದ ಏಳುವ ಕ್ಲೋರಿನ್ ಗಾಳಿ ಜೀವಕ್ಕೆ ಅಪಾಯ.

ಬಾಡಿಗೆ ಮನೆಯವರಿಗೂ ಬಿಚ್ಚುವ ಹಲಗೆ ಲಾಭ. ಮನೆ ಬಿಡುವಾಗ ಹಲಗೆಯನ್ನು ಕಟ್ಟಿಕೊಂಡು ಹೋಗಬಹುದು. ಆದರೆ ತೂತು ಹಾಕುವ ಮುಂಚೆ ಮಾಲೀಕರನ್ನು ಕೇಳಿ. ಹೋಗುವಾಗ ತೂತು ಮುಚ್ಚಿ ಹೋಗಿ.

ಹೊಳೆ ದಂಡೆಯವರಿಗೆ ಒಂದು ಮಾತು

2020ರ ಅಕ್ಟೋಬರ್ ತಿಂಗಳಲ್ಲಿ ಭೀಮಾ ನದಿಗೆ ಮಹಾಪೂರ ಬಂತು. ಇಂಡಿ, ಸಿಂದಗಿ ಕಡೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಇಂಥ ನೀರು ಇಳಿದ ಮೇಲೂ ಗೋಡೆಯೊಳಗೆ ತೇವ ತಿಂಗಳುಗಟ್ಟಲೆ ಉಳಿಯುತ್ತದೆ. ಹಲಗೆಯನ್ನು ಅಂಟಿಸಿದ್ದರೆ ಗೋಡೆ ಒಣಗುವುದಿಲ್ಲ. ಬಿಚ್ಚುವ ಹಲಗೆ ಇದ್ದರೆ ಅದೇ ದಿನ ಬಿಚ್ಚಿ. ಹಲಗೆ ತೊಳೆದು ಇಡಿ. ಗೋಡೆಯನ್ನು ಗಾಳಿ ಬಿಸಿಲಿಗೆ ಬಿಡಿ. ಗೋಡೆ ಉಬ್ಬಿದ್ದರೆ, ವಾಲಿದ್ದರೆ ಅದರ ಹತ್ತಿರ ಮಲಗಬೇಡಿ. ಮಕ್ಕಳನ್ನೂ ಬಿಡಬೇಡಿ. ನೆನೆದ ಮಣ್ಣಿನ ಗೋಡೆ ರಾತ್ರಿ ಹೇಳದೆ ಕೇಳದೆ ಬೀಳುತ್ತದೆ.

ಕರೆಂಟಿನ ಮಾತು

ಬಚ್ಚಲಲ್ಲಿ ನೀರು, ಕರೆಂಟು ಎರಡೂ ಕೂಡಿದರೆ ಸಾವು ಹತ್ತಿರ. ಅಲ್ಯುಮಿನಿಯಂ ಪಟ್ಟಿಗೆ ವೈರು ತಾಗಿದರೆ ಇಡೀ ಗೋಡೆಗೆ ಕರೆಂಟು ಬರಬಹುದು. ಸ್ವಿಚ್ಚನ್ನು ಬಚ್ಚಲ ಹೊರಗೆ ಹಾಕಿಸಿ. ಬಕೇಟಿನಲ್ಲಿ ರಾಡು ಇಟ್ಟು ನೀರು ಕಾಯಿಸುವವರು ಪಿನ್ನು ಕಿತ್ತ ಮೇಲೇ ನೀರು ಮುಟ್ಟಿ. ಮನೆಯ ಮೇನ್ ಹತ್ತಿರ ಇಎಲ್‌ಸಿಬಿ ಇಲ್ಲವೆ ಆರ್‌ಸಿಸಿಬಿ ಎಂಬ ಸ್ವಿಚ್ಚು ಹಾಕಿಸಿ. ಕರೆಂಟು ಸೋರಿದ ಕೂಡಲೇ ಅದು ತಾನೇ ಬೀಳುತ್ತದೆ. ಹಲಗೆಯ ದುಡ್ಡಿನಲ್ಲಿ ಮೊದಲು ಇದಕ್ಕೆ ತೆಗೆದಿಡಿ.

ಬಚ್ಚಲ ನೀರು ಎಲ್ಲಿಗೆ?

ಗೋಡೆಯ ಬುಡಕ್ಕೆ ನೀರು ನಿಂತರೆ ಎಂಥ ಹಲಗೆ ಹಚ್ಚಿದರೂ ವ್ಯರ್ಥ. ಮೋರಿಯ ನೀರನ್ನು ಪೈಪಿನಿಂದ ಮನೆಯಿಂದ ದೂರ ಒಯ್ಯಿರಿ. ಮಸಾರಿ ನೆಲವಾದರೆ ಇಂಗುಗುಂಡಿ ನಡೆಯುತ್ತದೆ. ಎರೆ ನೆಲದಲ್ಲಿ ನೀರು ಬೇಗ ಇಂಗುವುದಿಲ್ಲ. ಅಲ್ಲಿ ಬಾಳೆ, ನುಗ್ಗೆ ಗಿಡಕ್ಕೆ ಹರಿಸಿ. ಓಣಿಗೆ ಬಿಡಬೇಡಿ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತವೆ.

ಕೊನೆಯ ಮಾತು

ಈಗ ನಮ್ಮ ಬಚ್ಚಲ ಗೋಡೆಗೆ ನೀಲಿ ಹೂವಿನ ಹಲಗೆ ಇವೆ. ಮನೆಯ ಹುಡುಗಿಯರಿಗೆ ಜಳಕಕ್ಕೆ ಹೋಗಲು ಹೇಸಿಗೆ ಇಲ್ಲ. ಆಚೆ ಕೋಣೆಯ ಜೋಳ ಒಣಗಿದೆ. ಮೊನ್ನೆ ಮಳೆಗಾಲಕ್ಕೆ ಮುಂಚೆ ಹಲಗೆ ಬಿಚ್ಚಿದೆವು. ಗೌಂಡಿ ಕಾಕಾ ಬಂದು ಗೋಡೆಗೆ ಕೈ ಇಟ್ಟರು.

"ಹಾಂ, ಈಗ ಗ್ವಾಡಿ ಉಸಿರಾಡ್ತದ" ಅಂದರು.

ಚಂದ ಬೇಕು. ಬಡವರ ಬಚ್ಚಲಿಗೂ ಚಂದ ಬೇಕು. ಆದರೆ ಚಂದದ ಹಿಂದೆ ಏನಿದೆ ಅಂತ ನೋಡುವ ದಾರಿ ಇಟ್ಟುಕೊಳ್ಳೋಣ.

ನೆನಪಿಡಿ

ಮೊದಲು ತೇವದ ಕಾರಣ ಹುಡುಕಿ, ಆಮೇಲೆ ಹಲಗೆ.
ಅಂಟು ಬೇಡ, ಸ್ಕ್ರೂ ಇರಲಿ.
ಒಲೆಯ ಹತ್ತಿರ ಪಿವಿಸಿ ಬೇಡ.
ಬೆಳಕಿಂಡಿ ಮುಚ್ಚಬೇಡಿ.
ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡಿ.

ಹೇಳಿ ನೋಡೋಣ

1. ಪ್ಲಾಸ್ಟಿಕ್ ಹಾಳೆಯ ಹಿಂಬದಿಗೆ ಹನಿ ಬಂದರೆ ಏನು ಅರ್ಥ?
2. ನಿಮ್ಮ ಬಚ್ಚಲ ಗೋಡೆ ಎಷ್ಟು ಅಡಿ ಅಗಲ? ಅಳೆದು ಬರೆಯಿರಿ. 10 ಇಂಚಿನ ಹಲಗೆ ಎಷ್ಟು ತುಂಡು ಬೇಕು?
3. ಗ್ಯಾಸ್ ಗೀಜರ್ ಬಚ್ಚಲ ಹೊರಗೆ ಯಾಕೆ ಇರಬೇಕು?
4. ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಹೋಗಿ ನೋಡಿ ಬನ್ನಿ.